ಆಪ್ ಹಸಿರು ತೋರಿಸಿದರೂ ತಂಬೂರಿ ಯಾಕೆ ಸೇರುವುದಿಲ್ಲ?

ಪ್ರಶ್ನೆ: ನನ್ನ ಬಳಿ ಮಿರಜಿನಲ್ಲಿ ಮಾಡಿದ ನಾಲ್ಕು ತಂತಿಯ ತಂಬೂರಿ ಇದೆ. ಮೊದಲು ಇಟ್ಟುಕೊಂಡಿದ್ದವರು ಅದನ್ನು ನಾಲ್ಕೂವರೆ ಮನೆಗೆ (ಹಾರ್ಮೋನಿಯಂ ಮನೆಗಳ ಲೆಕ್ಕದ ಶ್ರುತಿ) ಸೇರಿಸುತ್ತಿದ್ದರಂತೆ. ನನ್ನ ಶ್ರುತಿ ಐದೂವರೆ. ಫೋನಿನ ಟ್ಯೂನರ್ ಆಪ್ ಎದುರಿಗಿಟ್ಟುಕೊಂಡು ಒಂದೊಂದೇ ತಂತಿಯನ್ನು ಹಸಿರು ಬರುವವರೆಗೆ ಸರಿ ಮಾಡುತ್ತೇನೆ. ಆದರೂ ನಾಲ್ಕನ್ನೂ ಮೀಟಿದರೆ ನಾದ ತೂಗಾಡುತ್ತದೆ. ಕೊನೆಯ ತಂತಿ ಪದೇ ಪದೇ ಇಳಿಯುತ್ತದೆ. ತಂತಿಗಳನ್ನು ಹೊತ್ತಿರುವ ಕುದುರೆಯ ಮೇಲಿನ ದಾರ ಎಲ್ಲಿಟ್ಟರೂ ಒಂದು ತಂತಿ ಝೇಂಕರಿಸುತ್ತದೆ, ಪಕ್ಕದ್ದು ಮೊಂಡಾಗಿ ಟಿಣ್ ಎನ್ನುತ್ತದೆ. ಸರಿಯಾದ ಕ್ರಮ ಹೇಳುತ್ತೀರಾ? ಹಿಂದೋಳ ರಾಗ ಹಾಡುವಾಗ ಪಂಚಮದ ತಂತಿಯನ್ನು ಏನು ಮಾಡಬೇಕು ಎನ್ನುವುದನ್ನೂ ತಿಳಿಸಿ.

ಉತ್ತರ: ಆಪ್ ತಪ್ಪು ಹೇಳುತ್ತಿಲ್ಲ. ಆದರೆ ಅದು ಅಳೆಯುವುದು ಒಂದೊಂದೇ ತಂತಿಯನ್ನು, ತಂಬೂರಿ ಸೇರುವುದು ತಂತಿಗೂ ತಂತಿಗೂ ನಡುವೆ. ತೂಗಾಟ, ಇಳಿಯುವ ಕೊನೆಯ ತಂತಿ, ದಾರದ ಪರದಾಟ ಎಲ್ಲ ಬಿಡಿಬಿಡಿ ತೊಂದರೆಗಳಂತೆ ಕಂಡರೂ ನಿಮ್ಮ ವಾದ್ಯದಲ್ಲಿ ಅವು ಒಂದಕ್ಕೊಂದು ಗಂಟು ಬಿದ್ದಿವೆ. ತೂಗಾಟದಿಂದ ಶುರು ಮಾಡೋಣ.

ಐದೂವರೆ ಮನೆಯ ಷಡ್ಜ ಎಂದರೆ ಸೆಕೆಂಡಿಗೆ ಸುಮಾರು 207.65 ಕಂಪನ. ಹಾರ್ಮೋನಿಯಂನಲ್ಲಿ ಅಕ್ಕಪಕ್ಕದ ಎರಡು ಮನೆಗಳ ಅಂತರವನ್ನು ನೂರು ಪಾಲು ಮಾಡಿದರೆ ಒಂದು ಪಾಲಿಗೆ ಒಂದು ಸೆಂಟ್ ಎನ್ನುತ್ತಾರೆ. ಟ್ಯೂನರ್‌ಗಳು ಗುರಿಯಿಂದ ಎರಡು ಮೂರು ಸೆಂಟ್ ಆಚೀಚೆ ಇದ್ದರೂ ಸಾಮಾನ್ಯವಾಗಿ ಹಸಿರು ತೋರಿಸಿಬಿಡುತ್ತವೆ. ತಂಬೂರಿಯ ಮೊದಲನೆಯ ತಂತಿ ಪಂಚಮ, ನಡುವಿನ ಎರಡು ಒಂದೇ ಷಡ್ಜದ ಸಾರಣಿ ಮತ್ತು ಅನುಸಾರಣಿ, ಕೊನೆಯದು ಒಂದು ಸ್ಥಾಯಿ ಕೆಳಗಿನ ಷಡ್ಜದ ಮಂದ್ರ. ಈಗ ಸಾರಣಿ 3 ಸೆಂಟ್ ಮೇಲಿದೆ, ಅನುಸಾರಣಿ 3 ಸೆಂಟ್ ಕೆಳಗಿದೆ ಅಂದುಕೊಳ್ಳಿ. ಎರಡಕ್ಕೂ ಹಸಿರು. ಆದರೆ ಅವುಗಳ ನಡುವೆ 6 ಸೆಂಟ್ ಅಂತರ ಉಳಿಯಿತು, ಅಂದರೆ ಸೆಕೆಂಡಿಗೆ 0.72 ಕಂಪನ. ಒಂದೇ ಸ್ವರದ ಎರಡು ತಂತಿಗಳಲ್ಲಿ ಇಷ್ಟು ವ್ಯತ್ಯಾಸವಿದ್ದರೆ ನಾದ ಸುಮಾರು 1.4 ಸೆಕೆಂಡಿಗೊಮ್ಮೆ ಉಬ್ಬಿ ಇಳಿಯುತ್ತದೆ. ಭೌತಶಾಸ್ತ್ರದ ಪುಸ್ತಕದಲ್ಲಿ ಇದಕ್ಕೆ ವಿಸ್ಪಂದ ಎಂದು ಹೆಸರು. ನಾವು ಸುಮ್ಮನೆ ಅಲೆ ಎನ್ನೋಣ. ತಂಬೂರಿಯಲ್ಲಿ ಇದು ಇಲ್ಲಿಗೇ ನಿಲ್ಲುವುದಿಲ್ಲ. ತಂತಿ ತನ್ನ ಮೂಲಸ್ವರದ ಜೊತೆಗೆ ಅದರ ಎರಡು, ಮೂರು, ನಾಲ್ಕು ಪಟ್ಟು ಕಂಪನದ ಸ್ವರಗಳನ್ನೂ ಹೊರಡಿಸುತ್ತದೆ, ಅವೇ ಉಪಸ್ವರಗಳು. ಐದನೆಯ ಉಪಸ್ವರದಲ್ಲಿ ಅಂತರವೂ ಐದು ಪಟ್ಟಾಗಿ ಸೆಕೆಂಡಿಗೆ ಮೂರೂವರೆ ಅಲೆ ಏಳುತ್ತವೆ. ಬೇರೆ ವಾದ್ಯದಲ್ಲಾದರೆ ಐದನೆಯ ಉಪಸ್ವರ ಕಿವಿಗೆ ಬೀಳುವುದೇ ಕಷ್ಟ. ಇದು ಉಪಸ್ವರಗಳನ್ನು ಎತ್ತಿ ತೋರಿಸಲೆಂದೇ ಮಾಡಿದ ವಾದ್ಯ. ನಿಮಗೆ ಕೇಳುತ್ತಿರುವ ತೂಗಾಟ ಅದೇ.

ಪಂಚಮದ ಕಥೆ ಇನ್ನೊಂದು ತರಹದ್ದು. ಆಪ್ ಹೇಳುವ ಪಂಚಮ ಹಾರ್ಮೋನಿಯಂ ಪಂಚಮ, ಷಡ್ಜದಿಂದ ಸರಿಯಾಗಿ 700 ಸೆಂಟ್. ತಂತಿ ತಾನಾಗಿ ಹೊರಡಿಸುವ ಪಂಚಮ ಷಡ್ಜಕ್ಕೆ 3:2ರ ಪ್ರಮಾಣದಲ್ಲಿದ್ದು 702 ಸೆಂಟ್‌ಗೆ ಬರುತ್ತದೆ. ಎರಡೇ ಸೆಂಟ್ ತಾನೇ ಎನಿಸಬಹುದು. ಆದರೆ ಪಂಚಮ ತಂತಿಯ ನಾಲ್ಕನೆಯ ಉಪಸ್ವರವೂ ಸಾರಣಿಯ ಮೂರನೆಯ ಉಪಸ್ವರವೂ ಒಂದೇ ಜಾಗದಲ್ಲಿ, ತಾರ ಪಂಚಮದಲ್ಲಿ ಕೂಡಬೇಕು. ಆಪ್ ಪ್ರಕಾರ ಕೂದಲೆಳೆಯೂ ತಪ್ಪದಂತೆ ಸೇರಿಸಿದರೂ ಅವೆರಡರ ನಡುವೆ ಸೆಕೆಂಡಿಗೆ 0.7 ಕಂಪನದ ವ್ಯತ್ಯಾಸ ಉಳಿದೇ ಉಳಿಯುತ್ತದೆ. ಅಂದರೆ ಹಸಿರು ದೀಪವನ್ನು ನಂಬಿ ಸೇರಿಸಿದ ಪಂಚಮ ಎಂದಿಗೂ ನಿಶ್ಚಲವಾಗಿ ನಿಲ್ಲುವುದಿಲ್ಲ. ಹಾರ್ಮೋನಿಯಂನಿಂದ ಪಂಚಮ ತೆಗೆದುಕೊಂಡರೂ ಇದೇ ಗತಿ.

ಹಾಗಾಗಿ ಆಪ್ ಬೇಕಾದದ್ದು ಒಂದೇ ಸಲ, ಸಾರಣಿಯ ಷಡ್ಜ ಹಿಡಿಯುವುದಕ್ಕೆ. ಅಲ್ಲೂ ತಂತಿಯನ್ನು ಮೆಲ್ಲಗೆ ಮೀಟಿ, ಮೀಟಿದ ಕ್ಷಣದ ಅಂಕಿ ಬಿಟ್ಟು ನಾದ ನೆಲೆಗೊಂಡ ಮೇಲಿನದನ್ನು ನೋಡಿ. ಜೋರಾಗಿ ಎಳೆದು ಬಿಟ್ಟ ತಂತಿ ಮೊದಲು ತುಸು ಮೇಲಕ್ಕೆ ಹೋಗಿ ಆಮೇಲೆ ಇಳಿಯುತ್ತದೆ. ಮಂದ್ರದ ತಂತಿಗಂತೂ ಫೋನನ್ನು ನೆಚ್ಚಬೇಡಿ. 104 ಕಂಪನದ ಮೂಲಸ್ವರಕ್ಕಿಂತ ಅದರ ಉಪಸ್ವರಗಳೇ ಆ ಪುಟ್ಟ ಮೈಕಿಗೆ ಜೋರಾಗಿ ಕೇಳುತ್ತವೆ, ಮುಳ್ಳು ಅಲ್ಲಿ ಇಲ್ಲಿ ಹಾರುತ್ತದೆ.

ತಂತಿ ಬಿಗಿಯುವ ಬಿರಡೆಗೆ ಕೈ ಹಾಕುವ ಮೊದಲು ತಂತಿಯ ದಪ್ಪ ನೋಡಬೇಕು. ನಿಮ್ಮ ವಿಷಯದಲ್ಲಿ ಬಹುಶಃ ಮೂಲ ತೊಂದರೆ ಇರುವುದೇ ಇಲ್ಲಿ. ತಂತಿಯ ಬಿಗಿ ಕಂಪನಸಂಖ್ಯೆಯ ವರ್ಗದ ಲೆಕ್ಕದಲ್ಲಿ ಏರುತ್ತದೆ. ನಾಲ್ಕೂವರೆಗೆ ಹಾಕಿದ ತಂತಿಯನ್ನೇ ಐದೂವರೆಗೆ ಎಳೆದರೆ ಬಿಗಿ ಸುಮಾರು 26% ಹೆಚ್ಚುತ್ತದೆ. ನಾಲ್ಕೂ ತಂತಿಗಳ ಈ ಹೆಚ್ಚುವರಿ ಎಳೆತ ಬಿರಡೆಗಳ ಮೇಲೂ ಕುದುರೆ ಹೊತ್ತಿರುವ ಹಲಗೆಯ ಮೇಲೂ ಬೀಳುತ್ತದೆ. ಬಿರಡೆ ಜಾರುತ್ತದೆ. ಬಿಗಿಯಾದ ತಂತಿ ಕುದುರೆಯ ಮೈಗೆ ಮೊದಲಿನಷ್ಟು ಸವರದೆ ಟಿಣ್ ಎನ್ನುತ್ತದೆ. ಎಳೆತ ಮೊದಲಿನಷ್ಟೇ ಇರಬೇಕಾದರೆ ತಂತಿಯ ದಪ್ಪ ಸುಮಾರು 11% ಇಳಿಯಬೇಕು: 0.30 ಮಿ.ಮೀ. ಇದ್ದ ಕಡೆ 0.27ರ ಸುತ್ತಮುತ್ತ. ಅಂಗಡಿಯಲ್ಲಿ "ಹೆಂಗಸರ ತಂಬೂರಿ ಸೆಟ್" ಎಂದಷ್ಟೇ ಕೇಳಿದರೆ ಸಾಲದು. ಐದೂವರೆ ಮನೆ ಎಂದು ಹೇಳಿ, ಮೇರುವಿನಿಂದ (ಬಿರಡೆಗಳ ಕಡೆ ತಂತಿ ಕೂರುವ ಪಟ್ಟಿ) ಕುದುರೆಯವರೆಗಿನ ಉದ್ದವನ್ನೂ ಅಳೆದುಕೊಂಡು ಹೋಗಿ. ಗೇಜ್ ಸಂಖ್ಯೆ ದೊಡ್ಡದಾದಷ್ಟೂ ತಂತಿ ತೆಳು, ಇದರಲ್ಲಿ ಎಡವುವವರು ತುಂಬ. ಹಾಕುವಾಗ ನಾಲ್ಕನ್ನೂ ಒಟ್ಟಿಗೆ ಬಿಚ್ಚಬೇಡಿ, ಕುದುರೆ ಜರುಗುತ್ತದೆ. ಒಂದು ತೆಗೆದು ಒಂದು ಹಾಕಿ. ಆದರೆ ನಾಲ್ಕನ್ನೂ ಅದೇ ದಿನ ಬದಲಿಸಿ. ಹಳೆಯ ಸಾರಣಿಯ ಪಕ್ಕ ಹೊಸ ಅನುಸಾರಣಿ ಇದ್ದರೆ ಸ್ವರ ಸೇರೀತು, ಬಣ್ಣ ಸೇರದು.

ಇನ್ನು ಸೇರಿಸುವ ಕ್ರಮ. ತಂಬೂರಿಯನ್ನು ಹಾಡುವ ಕೋಣೆಯಲ್ಲೇ ಕಾಲು ಗಂಟೆ ಇಡಿ. ಕುದುರೆಯ ಮೇಲಿನ ಜೀವಾಳಿ ದಾರಗಳನ್ನೆಲ್ಲ ಹೊರಕ್ಕೆ ಎಳೆದುಬಿಡಿ. ಬುರುಡೆಯ ಕಡೆ ತಂತಿಗೆ ಪೋಣಿಸಿರುವ ಮಣಿಗಳನ್ನು ಅವುಗಳ ಹಾದಿಯ ನಡುಮಧ್ಯಕ್ಕೆ ತನ್ನಿ. ಆಮೇಲೆ ಏರಿಸುವುದಕ್ಕೂ ಇಳಿಸುವುದಕ್ಕೂ ಜಾಗ ಉಳಿಯಬೇಕು.

ಮೊದಲು ಸಾರಣಿ, ಅಂದರೆ ಎರಡನೆಯ ತಂತಿ. ಬಿರಡೆಯನ್ನು ಬರೀ ತಿರುವಿದರೆ ನಿಲ್ಲದು. ಅರ್ಧ ಸ್ವರದಷ್ಟು ಸಡಿಲಿಸಿ, ಒಳಕ್ಕೆ ಒತ್ತುತ್ತಲೇ ಮೇಲಕ್ಕೆ ತಿರುವಿ, ಗುರಿಗಿಂತ ಒಂದೆಳೆ ಕೆಳಗೆ ನಿಲ್ಲಿಸಿ. ಉಳಿದದ್ದು ಮಣಿಯ ಕೆಲಸ. ಮಣಿಯನ್ನು ಕುದುರೆಯಿಂದ ದೂರಕ್ಕೆ, ತಂತಿ ಕಟ್ಟಿದ ತುದಿಯ ಕಡೆಗೆ ತಳ್ಳಿದರೆ ಸ್ವರ ಏರುತ್ತದೆ. ಅಲ್ಲಿ ತಂತಿ ಹಲಗೆಗೆ ಹತ್ತಿರವಾಗುವುದರಿಂದ ಮಣಿ ಅದನ್ನು ಎತ್ತಿ ಬಿಗಿಗೊಳಿಸುತ್ತದೆ. ಕುದುರೆಯ ಕಡೆಗೆ ತಂದರೆ ಇಳಿಯುತ್ತದೆ. ಮಣಿ ಸರಿಸುವಾಗ ತಂತಿಯನ್ನು ಒತ್ತಿ ಹಿಡಿದರೆ ಕೈ ಬಿಟ್ಟ ಕೂಡಲೇ ಸ್ವರ ಬದಲಾಗುತ್ತದೆ. ಸರಿಸಿ, ಕೈ ತೆಗೆದು, ಮೀಟಿ ಕೇಳಿ.

ಸಾರಣಿ ನಿಂತ ಮೇಲೆ ಅನುಸಾರಣಿ. ಎರಡನ್ನೂ ಒಂದರ ಬೆನ್ನಿಗೆ ಒಂದು ಮೀಟಿ. ದೂರವಿದ್ದರೆ ಗರಗರ ಎನ್ನುವಷ್ಟು ವೇಗವಾದ ಅಲೆ. ಹತ್ತಿರ ಬಂದಂತೆ ಅಲೆ ನಿಧಾನವಾಗಿ ವಂವ್... ವಂವ್... ಎಂದಾಗುತ್ತದೆ. ನಾದ ಸಾಯುವವರೆಗೂ ಒಂದು ಅಲೆಯೂ ಕೇಳದಿದ್ದರೆ ಸೇರಿತು. ನೆನಪಿಡಿ, ಅಲೆ ನಿಮಗೆ ದೂರ ಎಷ್ಟೆಂದು ಹೇಳುತ್ತದೆ, ದಿಕ್ಕು ಯಾವುದೆಂದು ಹೇಳುವುದಿಲ್ಲ. ಮಣಿಯನ್ನು ಒಂದು ಕಡೆಗೆ ತುಸು ತಳ್ಳಿ ನೋಡಿ: ಅಲೆ ವೇಗವಾದರೆ ತಪ್ಪು ದಿಕ್ಕು. ಕಲಿಯುವವರು ಇಲ್ಲೇ ಗಾಬರಿಯಾಗಿ ಬಿರಡೆಗೆ ಕೈ ಹಾಕುತ್ತಾರೆ, ಇಡೀ ಸ್ವರ ಹೊರಟುಹೋಗುತ್ತದೆ.

ಮೂರನೆಯದಾಗಿ ಮಂದ್ರ. ಸ್ಥಾಯಿ ಹೊಂದಿಸುವುದು ಹೊಸಬರ ಕಿವಿಗೆ ಕಷ್ಟ. ಒಂದು ಉಪಾಯವಿದೆ. ಮೇರುವಿಗೂ ಕುದುರೆಗೂ ಸರಿಯಾಗಿ ನಡುವೆ ಮಂದ್ರದ ತಂತಿಯನ್ನು ಬೆರಳಿನಿಂದ ಒತ್ತದೆ ಬರೀ ತಾಗಿಸಿ, ಇನ್ನೊಂದು ಕೈಯಿಂದ ಕುದುರೆಯ ಕಡೆಗೆ ಮೀಟಿ, ತಕ್ಷಣ ಬೆರಳು ತೆಗೆಯಿರಿ. ಸಾರಣಿಯದೇ ಷಡ್ಜ ಕೊಳಲಿನಂತೆ ಕೇಳುತ್ತದೆ. ಅದನ್ನು ಸಾರಣಿಯ ಪಕ್ಕ ಇಟ್ಟು ಅಲೆ ಹೋಗುವವರೆಗೆ ಮಣಿ ಸರಿಸಿ.

ಕೊನೆಗೆ ಪಂಚಮ. ಅದೇ ಮಂದ್ರದ ತಂತಿಯನ್ನು ಈ ಸಲ ಮೂರನೆಯ ಒಂದು ಭಾಗದಲ್ಲಿ ತಾಗಿಸಿ ಮೀಟಿ. ತಂತಿಯ ಉದ್ದ 90 ಸೆಂ.ಮೀ. ಆದರೆ ಮೇರುವಿನಿಂದ 30 ಸೆಂ.ಮೀ. ದೂರದಲ್ಲಿ. ಹೊರಡುವುದು ಮಧ್ಯ ಪಂಚಮ. ಮೊದಲನೆಯ ತಂತಿಯನ್ನು ನಡುಮಧ್ಯದಲ್ಲಿ ತಾಗಿಸಿ ಮೀಟಿದರೂ ಅದೇ ಮಧ್ಯ ಪಂಚಮ ಬರಬೇಕು. ಎರಡೂ ಒಂದಾದರೆ ನಿಮ್ಮ ಪಂಚಮ 702 ಸೆಂಟ್‌ಗೆ ಬಂದು ಕೂತಿದೆ, ಯಾವ ಯಂತ್ರದ ಹಂಗೂ ಇಲ್ಲದೆ. ಈಗ ಬೇಕಾದರೆ ಆಪ್ ತೆಗೆದು ನೋಡಿ. ಎರಡು ಸೆಂಟ್ ಮೇಲಿದೆ ಎಂದು ಅದು ತಕರಾರು ತೆಗೆದರೆ ಸಂತೋಷಪಡಿ.

ಒಂದು ಸುತ್ತು ಮುಗಿಯಿತು ಅಂದರೆ ಕೆಲಸ ಮುಗಿಯಿತು ಎಂದಲ್ಲ. ಒಂದು ತಂತಿ ಬಿಗಿದಾಗ ಹಲಗೆ ಕಣ್ಣಿಗೆ ಕಾಣದಷ್ಟು ತಗ್ಗುತ್ತದೆ, ಉಳಿದ ಮೂರೂ ತುಸು ಇಳಿಯುತ್ತವೆ. ಮತ್ತೆ ಸಾರಣಿಯಿಂದ ಇನ್ನೊಂದು ಸುತ್ತು ಬನ್ನಿ. ಎರಡನೆಯ ಸುತ್ತಿನಲ್ಲಿ ಬಿರಡೆ ಮುಟ್ಟುವ ಅಗತ್ಯ ಬರಬಾರದು.

ಈಗ ಜೀವಾಳಿ. ದಾರ ಎಂದಾಗ ತುಂಬ ಜನ ಅದೇ ಝೇಂಕಾರ ಹುಟ್ಟಿಸುತ್ತದೆ ಎಂದುಕೊಂಡಿದ್ದಾರೆ. ಝೇಂಕಾರ ಇರುವುದು ಕುದುರೆಯ ಮೈಯಲ್ಲಿ. ಪಿಟೀಲಿನ ಕುದುರೆಯಲ್ಲಿ ತಂತಿ ಒಂದು ಚೂಪು ಅಂಚಿನ ಮೇಲೆ ಕೂರುತ್ತದೆ. ತಂಬೂರಿಯ ಕುದುರೆ ಅಗಲ, ಮೇಲ್ಮೈ ಮೇರುವಿನ ಕಡೆಗೆ ಬಲು ನಯವಾಗಿ ಬಾಗಿರುತ್ತದೆ. ತಂತಿ ಕಂಪಿಸುವಾಗ ಪ್ರತಿ ಸಲ ಕೆಳಗೆ ಬಂದು ಆ ಇಳಿಜಾರನ್ನು ಸವರಿ ಏಳುತ್ತದೆ, ತಂತಿಯ ಉದ್ದ ಕ್ಷಣಕ್ಷಣಕ್ಕೂ ಒಂದೆಳೆ ಬದಲಾಗುತ್ತಿರುತ್ತದೆ. ಈ ಸವರುವಿಕೆ ಮೂಲಸ್ವರದ ಶಕ್ತಿಯನ್ನು ಮೇಲಿನ ಉಪಸ್ವರಗಳಿಗೆ ಹಂಚುತ್ತದೆ. ಸಿ.ವಿ. ರಾಮನ್ 1921ರಲ್ಲಿ ಪ್ರಕಟಿಸಿದ ಲೇಖನದಲ್ಲಿ ತಂಬೂರಿ ಮತ್ತು ವೀಣೆಯ ಈ ಗುಣವನ್ನೇ ತೋರಿಸಿದರು. ತಂತಿಯನ್ನು ಎಲ್ಲಿ ಮೀಟುತ್ತೇವೋ ಅಲ್ಲಿ ಕಂಪಿಸದೆ ನಿಲ್ಲುವ ಉಪಸ್ವರಗಳು ಸಾಮಾನ್ಯ ತಂತಿವಾದ್ಯದಲ್ಲಿ ಏಳುವುದಿಲ್ಲ, ಈ ಎರಡರಲ್ಲಿ ಏಳುತ್ತವೆ. ಪರೀಕ್ಷೆ ಸುಲಭ. ಮಂದ್ರವನ್ನು ಸರಿಯಾಗಿ ನಡುಮಧ್ಯದಲ್ಲೇ ಮೀಟಿ. ನಿಯಮದ ಪ್ರಕಾರ ಮೇಲಿನ ಷಡ್ಜ ಕೇಳಬಾರದು. ಜೀವ ಕೂತ ತಂಬೂರಿಯಲ್ಲಿ ಕೇಳುತ್ತದೆ.

ದಾರದ ಕೆಲಸ ಇಷ್ಟೇ: ತಂತಿ ಇಳಿಜಾರನ್ನು ಮುಟ್ಟುವ ಕೋನವನ್ನು ಕೂದಲೆಳೆಯಷ್ಟು ಎತ್ತಿ ಸರಿಪಡಿಸುವುದು. ಸಾಧಾರಣ ಹತ್ತಿಯ ಹೊಲಿಗೆ ನೂಲು ಸಾಕು, ರೇಷ್ಮೆಯೂ ಆದೀತು. ನೈಲಾನ್ ಬೇಡ, ಜಾರುತ್ತದೆ. ಮಂದ್ರದ ದಪ್ಪ ತಂತಿಗೆ ಒಂದೆಳೆ ದಪ್ಪನೆಯದು ಬೇಕಾಗಬಹುದು. ಒಂದು ಗೇಣು ನೂಲನ್ನು ತಂತಿಯ ಅಡಿಯಲ್ಲಿ, ಕುದುರೆಯ ಹಿಂಬದಿಯ ಅಂಚಿನಲ್ಲಿ, ಅಂದರೆ ಮಣಿಗಳಿರುವ ಕಡೆ ತೂರಿಸಿ. ಎರಡೂ ತುದಿಗಳನ್ನು ಎರಡು ಬೆರಳಲ್ಲಿ ಬಿಗಿಯಾಗಿ ಹಿಡಿದು, ತಂತಿಗೆ ಅಡ್ಡವಾಗಿ ನೇರವಾಗಿಟ್ಟುಕೊಂಡು, ಮೇರುವಿನ ಕಡೆಗೆ ಕೂದಲು ಕೂದಲಷ್ಟೇ ಎಳೆಯುತ್ತ ಬನ್ನಿ. ಪ್ರತಿ ಹೆಜ್ಜೆಗೂ ಒಮ್ಮೆ ಮೆಲ್ಲಗೆ ಮೀಟಿ.

ಮೊದಲು ಏನೂ ಬದಲಾಗದು. ಆಮೇಲೆ ನಾದದ ಬಾಯಿ ಸ್ವಲ್ಪ ತೆರೆಯುತ್ತದೆ. ಇನ್ನೊಂದು ಎಳೆ ಮುಂದೆ ಹೋದರೆ ತಟ್ಟನೆ ಅರಳಿ, ಉಪಸ್ವರಗಳು ಮೇಲಿನಿಂದ ಕೆಳಕ್ಕೆ ಮೆಟ್ಟಿಲಿಳಿದ ಹಾಗೆ ಒಂದೊಂದಾಗಿ ಕೇಳುತ್ತವೆ. ನಿಮಗೆ ಬೇಕಾದ ಜಾಗ ಅದೇ. ಇನ್ನೂ ಮುಂದಕ್ಕೆ ಎಳೆದರೆ ದನಿ ತಗಡಿನಂತಾಗಿ, ಕಡೆಗೆ ಮುಚ್ಚಿಕೊಳ್ಳುತ್ತದೆ. ಆಗ ತಂತಿ ಕುದುರೆಯನ್ನು ಬಿಟ್ಟು ದಾರದ ಮೇಲೆಯೇ ಕೂತಿದೆ ಎಂದರ್ಥ. ಮೊಂಡಿನಿಂದ ಮೊಂಡಿಗೆ ನಡುವೆ ಒಂದು ಮಿಲಿಮೀಟರ್ ಜಾಗವೂ ಇರಲಿಕ್ಕಿಲ್ಲ. ನಿಮ್ಮ ದಾರ ಎಲ್ಲಿಟ್ಟರೂ ಸರಿಹೋಗದ ಹಾಗೆ ಕಾಣುವುದು ಬಹುಶಃ ನೀವು ಅದನ್ನು ಬೆರಳಲ್ಲಿ ತಳ್ಳುತ್ತಿರುವುದರಿಂದ. ತಳ್ಳಿದರೆ ದಾರ ಒಂದೆರಡು ಮಿಲಿಮೀಟರ್ ಹಾರಿಹೋಗಿ ಆ ಜಾಗವನ್ನೇ ದಾಟಿಬಿಡುತ್ತದೆ. ಎರಡೂ ತುದಿ ಹಿಡಿದು ಎಳೆಯುವುದು ಅದಕ್ಕೇ.

ದಾರ ಕೂತ ತಕ್ಷಣ ಸ್ವರ ತುಸು ಜರುಗಿರುತ್ತದೆ. ಮಣಿಯಿಂದ ಸರಿಮಾಡಿ. ಮಣಿ ಸರಿಸಿದರೆ ದಾರದ ಜಾಗವೂ ಎಳೆಯಷ್ಟು ಬದಲಾಗಬಹುದು, ಮತ್ತೆ ನೋಡಿ. ಎರಡು ಮೂರು ಬಾರಿ ಹೀಗೆ ಹಿಂದೆ ಮುಂದೆ ಹೋಗುವುದು ಸಹಜ. ಸ್ವರ ಒಂದು ಕೆಲಸ, ಜೀವ ಇನ್ನೊಂದು ಕೆಲಸ ಎಂದು ಬೇರೆ ಮಾಡಿಕೊಂಡವರ ತಂಬೂರಿ ಸೇರುವುದಿಲ್ಲ. ನಾಲ್ಕೂ ತಂತಿಗಳ ಝೇಂಕಾರ ಒಂದೇ ಅಳತೆಯಲ್ಲಿ ಇರಬೇಕು ಎನ್ನುವುದನ್ನೂ ಮರೆಯಬೇಡಿ. ಒಂದೇ ಒಂದು ತಂತಿ ಹೆಚ್ಚು ಅರಳಿದ್ದರೆ ಕಿವಿ ಅದರ ಹಿಂದೆಯೇ ಓಡುತ್ತದೆ. ಬಡ ತಂತಿಯನ್ನು ಏರಿಸಲು ಆಗದಿದ್ದರೆ ಉಳಿದ ಮೂರನ್ನು ಅದರ ಮಟ್ಟಕ್ಕೆ ಇಳಿಸುವುದು ಲೇಸು.

ಯಾವ ಜಾಗದಲ್ಲೂ ದಾರ ಹಿಡಿಯದೆ ಇದ್ದರೆ ಕುದುರೆ ಸವೆದಿದೆ. ತಂತಿಯನ್ನು ಪಕ್ಕಕ್ಕೆ ಸರಿಸಿ ಓರೆ ಬೆಳಕಿನಲ್ಲಿ ನೋಡಿ. ತಂತಿ ಕೂರುವ ಕಡೆ ಉಗುರಿಗೆ ಸಿಗುವಂತೆ ಗೆರೆ ಬಿದ್ದಿದ್ದರೆ ಜವಾರಿ ಮಾಡಿಸಬೇಕು, ಅಂದರೆ ಮೇಲ್ಮೈಯನ್ನು ಉಜ್ಜಿ ಬಾಗು ಮತ್ತೆ ತರಬೇಕು. ಮರಳು ಕಾಗದ ತಂದು ಮನೆಯಲ್ಲೇ ಉಜ್ಜುವ ಸಾಹಸ ದಯವಿಟ್ಟು ಬೇಡ. ಹೆಚ್ಚು ತೆಗೆದದ್ದನ್ನು ಮತ್ತೆ ಅಂಟಿಸಲಾಗದು. ಕೆಲಸಗಾರರ ಬಳಿ ಹೋದಾಗ ಖುಲಾ ಜವಾರಿ ಬೇಕೇ ಬಂದ್ ಜವಾರಿಯೇ ಎಂದು ಕೇಳುತ್ತಾರೆ. ಮೊದಲನೆಯದರಲ್ಲಿ ಝೇಂಕಾರ ಹೆಚ್ಚು ತೆರೆದಿರುತ್ತದೆ, ಎರಡನೆಯದು ಮಿತವಾದದ್ದು, ದುಂಡಗೆ. ಮಿರಜಿನ ತಂಬೂರಿಗೆ ಸಾಮಾನ್ಯವಾಗಿ ತೆರೆದದ್ದೇ ಒಪ್ಪುತ್ತದೆ. ತಂಜಾವೂರಿನ ಹಲಸಿನ ಮರದ ತಂಬೂರಿಯ ಗುಣ ಬೇರೆ, ಅದಕ್ಕೆ ಇದೇ ಅಳತೆ ಹಿಡಿಯಬಾರದು.

ನಿಮ್ಮ ಮಂದ್ರ ಇಳಿಯುವುದಕ್ಕೆ ಕಾರಣ ಪತ್ತೆ ಮಾಡಲು ಒಂದು ಪೆನ್ಸಿಲ್ ಸಾಕು. ಬಿರಡೆಯ ಮೇಲಿಂದ ಪಕ್ಕದ ಮರದವರೆಗೆ ಒಂದೇ ಸಣ್ಣ ಗೆರೆ ಎಳೆಯಿರಿ. ಸ್ವರ ಇಳಿದಾಗ ಗೆರೆ ಮುರಿದಿದ್ದರೆ ಬಿರಡೆ ಜಾರುತ್ತಿದೆ. ಬಿರಡೆ ಹೊರತೆಗೆದು, ಮರ ಮರಕ್ಕೆ ಉಜ್ಜಿ ಹೊಳೆಯುತ್ತಿರುವ ಕಡೆ ಒಣ ಸೀಮೆಸುಣ್ಣ ಸವರಿ ಮತ್ತೆ ಕೂರಿಸಿ. ತಂತಿಯ ಸುತ್ತುಗಳು ಬಿರಡೆಯ ತೂತಿನಿಂದ ಹೊರಟು ಬಿರಡೆ ಮರದೊಳಗೆ ಹೊಗುವ ಕಡೆಗೆ ಸಾಗಬೇಕು, ಆಗ ತಂತಿಯ ಎಳೆತವೇ ಬಿರಡೆಯನ್ನು ಒಳಕ್ಕೆ ಹಿಡಿಯುತ್ತದೆ. ಗೆರೆ ಹಾಗೇ ಇದ್ದು ಸ್ವರ ಮಾತ್ರ ಇಳಿದಿದ್ದರೆ ಹೊಸ ತಂತಿ ಇನ್ನೂ ಹಿಗ್ಗುತ್ತಿದೆ, ಇಲ್ಲವೇ ತುದಿಯ ಗಂಟು ಸಡಿಲವಾಗುತ್ತಿದೆ. ಎರಡು ಮೂರು ದಿನದಲ್ಲಿ ನಿಲ್ಲದಿದ್ದರೆ ಗಂಟು ಬಿಚ್ಚಿ ಹೊಸದಾಗಿ ಹಾಕಿ. ಸ್ವರ ನಿಧಾನಕ್ಕೆ ಇಳಿಯದೆ ಟಕ್ಕನೆ ಜಿಗಿದರೆ ತಂತಿ ಮೇರುವಿನ ತೂತಿನಲ್ಲಿ ಸಿಕ್ಕಿಹಾಕಿಕೊಳ್ಳುತ್ತಿದೆ. ಅಲ್ಲಿ ಪೆನ್ಸಿಲಿನ ಪುಡಿ ಸವರಿದರೆ ತಂತಿ ಸಲೀಸಾಗಿ ಸರಿಯುತ್ತದೆ.

ಹವೆಯ ಪಾಲೂ ಇದರಲ್ಲಿದೆ. ಬಿಸಿಯಾದರೆ ತಂತಿ ಹಿಗ್ಗಿ ಸ್ವರ ಇಳಿಯುತ್ತದೆ. ಹಿತ್ತಾಳೆ ಉಕ್ಕಿಗಿಂತ ಸುಮಾರು ಒಂದೂವರೆ ಪಟ್ಟು ಹಿಗ್ಗುತ್ತದೆ. ಮಂದ್ರ ಹಿತ್ತಾಳೆಯದು, ಸಾರಣಿ ಉಕ್ಕಿನದು ಆದ್ದರಿಂದ ಎರಡೂ ಒಂದೇ ಲೆಕ್ಕದಲ್ಲಿ ಇಳಿಯುವುದಿಲ್ಲ. ವೇದಿಕೆಯ ದೀಪದ ಬಿಸಿಯಲ್ಲಿ ಸೇರಿಸಿದ ತಂಬೂರಿ ಒಳಕೋಣೆಯಲ್ಲಿ ಸೇರಿರದು, ಒಳಕೋಣೆಯದು ವೇದಿಕೆಯಲ್ಲಿ ಸೇರಿರದು.

ಮೀಟುವ ಕೈ ಸರಿಯಿಲ್ಲದಿದ್ದರೆ ಇಷ್ಟೆಲ್ಲ ಮಾಡಿಯೂ ಉಪಯೋಗವಿಲ್ಲ. ಪಂಚಮಕ್ಕೆ ಮಧ್ಯದ ಬೆರಳು, ಉಳಿದ ಮೂರಕ್ಕೆ ತೋರುಬೆರಳು. ಉಗುರು ತಾಗಬಾರದು, ಬೆರಳಿನ ಪಕ್ಕದ ಮಾಂಸ ತಂತಿಯನ್ನು ಸವರಿಕೊಂಡು ಹೋಗಬೇಕು. ಮೀಟುವ ಜಾಗ ದಂಡಿಯ ನಡುಭಾಗದ ಸುತ್ತ. ಕುದುರೆಯ ಹತ್ತಿರ ಮೀಟಿದರೆ ದನಿ ಒರಟಾಗುತ್ತದೆ. ಒಂದು ಸುತ್ತಿಗೆ ನಾಲ್ಕೈದು ಸೆಕೆಂಡು ಕೊಡಿ. ಹಿಂದಿನ ತಂತಿಯ ನಾದ ಸಾಯುವ ಮೊದಲೇ ಮುಂದಿನದು ಬರಲಿ. ಹಾಡಿನ ತಾಳಕ್ಕೆ ಕೈ ತಾನಾಗಿ ಹೊಂದಿಕೊಳ್ಳಲು ನೋಡುತ್ತದೆ, ಬಿಡಬೇಡಿ. ಮಂಟೇಸ್ವಾಮಿ ಪದ ಹಾಡುವ ನೀಲಗಾರರು ತಂಬೂರಿಯನ್ನು ಲಯಕ್ಕೇ ಮೀಟುತ್ತಾರೆ. ಅದು ಅವರ ಹಾಡಿಕೆಗೆ ಜೀವ. ಶಾಸ್ತ್ರೀಯ ಸಂಗೀತದ ತಂಬೂರಿಗೆ ತಾಳ ಗೊತ್ತಿರಬಾರದು.

ಎಲ್ಲ ಕೂಡಿತೋ ಇಲ್ಲವೋ ನೋಡುವ ಹಳೆಯ ಪರೀಕ್ಷೆ ಗಾಂಧಾರ. ಮಂದ್ರದ ತಂತಿಯೊಂದನ್ನೇ ಮೀಟಿ, ನಾದ ಇಳಿಯುವವರೆಗೆ ಕಾಯಿರಿ. ತಾರಸ್ಥಾಯಿಯಲ್ಲಿ ಅಂತರ ಗಾಂಧಾರ ತಾನಾಗಿ ತೇಲಿ ಬರಬೇಕು. ಅದು ಆ ತಂತಿಯ ಐದನೆಯ ಉಪಸ್ವರ. ಸ್ವಯಂಭೂ ಗಾಂಧಾರ ಎಂದು ಕರೆಯುವುದು ಇದನ್ನೇ. ಹಾರ್ಮೋನಿಯಂನ ಗಾಂಧಾರಕ್ಕಿಂತ ಇದು 14 ಸೆಂಟ್ ಕೆಳಗಿರುತ್ತದೆ, ಪಕ್ಕದಲ್ಲಿ ಹಾರ್ಮೋನಿಯಂ ಒತ್ತಿ ನೋಡಿದರೆ ಯಾರಿಗಾದರೂ ವ್ಯತ್ಯಾಸ ಗೊತ್ತಾಗುತ್ತದೆ. ಸ್ವರದ ನಿಖರತೆಗೆ ಹೆಸರಾದ ಕಿರಾಣಾ ಘರಾಣೆಯ ಅಬ್ದುಲ್ ಕರೀಂ ಖಾನ್ (1872–1937) ನೆಲೆಸಿದ್ದು ಇದೇ ಮಿರಜಿನಲ್ಲಿ. ಕುಂದಗೋಳದ ಸವಾಯಿ ಗಂಧರ್ವರು ಅವರ ಶಿಷ್ಯರು, ಭೀಮಸೇನ ಜೋಶಿ ಸವಾಯಿ ಗಂಧರ್ವರ ಶಿಷ್ಯರು. ಆ ಪರಂಪರೆಯ ಧ್ವನಿಮುದ್ರಿಕೆಗಳಲ್ಲಿ ಗಾಯಕರು ಶುದ್ಧ ಗಾಂಧಾರದ ಮೇಲೆ ನಿಂತಾಗ ಹಿಂದಿನ ತಂಬೂರಿಯನ್ನೂ ಕಿವಿಗೊಟ್ಟು ಕೇಳಿ. ಹಿಂದೂಸ್ತಾನಿಯವರ ಶುದ್ಧ ಗಾಂಧಾರ ನಮ್ಮ ಅಂತರ ಗಾಂಧಾರವೇ.

ಹಿಂದೋಳದ ಪ್ರಶ್ನೆ ಉಳಿಯಿತು. ಈ ರಾಗದಲ್ಲಿ ರಿಷಭವೂ ಇಲ್ಲ, ಪಂಚಮವೂ ಇಲ್ಲ. ಪಂಚಮದ ತಂತಿ ತನ್ನ ಜೊತೆಗೆ ಮೂರನೆಯ ಉಪಸ್ವರವಾಗಿ ಚತುಶ್ರುತಿ ರಿಷಭವನ್ನೂ ಐದನೆಯದಾಗಿ ಕಾಕಲಿ ನಿಷಾದವನ್ನೂ ಎಳೆದು ತರುತ್ತದೆ. ಅದನ್ನು ಶುದ್ಧ ಮಧ್ಯಮಕ್ಕೆ ಇಳಿಸಿದರೆ ಮೂರನೆಯ ಉಪಸ್ವರ ಷಡ್ಜವೇ ಆಗುತ್ತದೆ, ನಾದ ತಿಳಿಯಾಗುತ್ತದೆ. ಹಿಂದೂಸ್ತಾನಿಯಲ್ಲಿ ಇದೇ ಸ್ವರಗಳ ಮಾಲಕಂಸಕ್ಕೆ ಮಧ್ಯಮದ ತಂಬೂರಿಯೇ ರೂಢಿ. ಮಾರವಾ, ಪೂರಿಯಾಗಳಿಗೆ ಅದೇ ತಂತಿಯನ್ನು ನಿಷಾದಕ್ಕೆ ಸೇರಿಸುವುದುಂಟು. ಆದರೆ ತಂಬೂರಿ ರಾಗಕ್ಕೆ ಪೂರ್ತಿ ಹೊಂದೀತು ಎಂದು ನಿರೀಕ್ಷಿಸಬೇಡಿ. ಹಿಂದೋಳದ್ದು ಅರ್ಧ ಸ್ವರ ಕೆಳಗಿನ ಸಾಧಾರಣ ಗಾಂಧಾರ, ಮಂದ್ರದ ತಂತಿ ಹಾಡುವುದು ಅಂತರ ಗಾಂಧಾರವನ್ನೇ. ಕಿವಿ ಅದನ್ನು ಷಡ್ಜದ ಹೊಳಪೆಂದು ಒಪ್ಪಿಕೊಳ್ಳುತ್ತದೆ. ಕರ್ನಾಟಕ ಕಛೇರಿಯಲ್ಲಿ ನಡುವೆ ಒಂದು ಹಿಂದೋಳ ಬಂದರೆ ಪಂಚಮ ಹಾಗೇ ಇರಲಿ. ಮನೆಯಲ್ಲಿ ಒಂದು ಗಂಟೆ ಅದನ್ನೇ ಸಾಧನೆ ಮಾಡುವುದಾದರೆ ಮಧ್ಯಮಕ್ಕೆ ಇಳಿಸಿ.

ಇದನ್ನು "ಮಧ್ಯಮ ಶ್ರುತಿ" ಎನ್ನುವುದರ ಜೊತೆ ಬೆರೆಸಬೇಡಿ. ಪುನ್ನಾಗವರಾಳಿ, ನಾದನಾಮಕ್ರಿಯೆ, ಕುರಂಜಿ, ನವರೋಜುಗಳಂಥ ರಾಗಗಳನ್ನು ಹಾಡುವಾಗಲೂ ಮೊದಲ ತಂತಿ ಮಧ್ಯಮಕ್ಕೇ ಇಳಿಯುತ್ತದೆ. ಆದರೆ ಅಲ್ಲಿ ಹಾಡುವವರು ಆ ಮಧ್ಯಮವನ್ನೇ ತಮ್ಮ ಷಡ್ಜವಾಗಿ ಹಿಡಿಯುತ್ತಾರೆ, ಸಾರಣಿಯ ಷಡ್ಜ ಅವರಿಗೆ ಪಂಚಮವಾಗುತ್ತದೆ. ಹಿಂದೋಳದಲ್ಲಿ ನಿಮ್ಮ ಷಡ್ಜ ಕದಲುವುದಿಲ್ಲ.

ಮಧ್ಯಮ ಸೇರಿಸುವುದಕ್ಕೂ ತಾಗಿಸುವ ಉಪಾಯವೇ. ಸ್ವರ ಇಳಿಸಿದ ಮೇಲೆ ಮೊದಲನೆಯ ತಂತಿಯನ್ನು ಮೂರನೆಯ ಒಂದು ಭಾಗದಲ್ಲಿ ತಾಗಿಸಿ ಮೀಟಿದರೆ ತಾರ ಷಡ್ಜ ಬರಬೇಕು. ಸಾರಣಿಯನ್ನು ನಡುಮಧ್ಯದಲ್ಲಿ ತಾಗಿಸಿ ಅದರೊಂದಿಗೆ ಹೋಲಿಸಿ. ಪಂಚಮದಿಂದ ಮಧ್ಯಮಕ್ಕೆ ಇಳಿದಾಗ ಆ ತಂತಿಯ ಬಿಗಿ ಸುಮಾರು 21% ಕಡಿಮೆಯಾಗಿರುತ್ತದೆ. ಹಲಗೆ ತುಸು ಏಳುವುದರಿಂದ ಉಳಿದ ಮೂರು ತಂತಿಗಳು ಒಂದೆಳೆ ಮೇಲಕ್ಕೆ ಹೋಗಿರುತ್ತವೆ, ಮೊದಲನೆಯದರ ದಾರವೂ ತನ್ನ ಜಾಗ ತಪ್ಪಿರುತ್ತದೆ. ಸಾರಣಿಯಿಂದ ಮತ್ತೊಂದು ಸುತ್ತು ಬಂದು, ಆ ದಾರವನ್ನು ಕೊನೆಗೆ ಕೂರಿಸಿ. ಸಾಧನೆ ಮುಗಿದ ಮೇಲೆ ಪಂಚಮಕ್ಕೆ ಏರಿಸುವಾಗಲೂ ಇಷ್ಟೇ ಕೆಲಸ, ಒಂದೇ ವ್ಯತ್ಯಾಸವೆಂದರೆ ಏರಿಸುವ ಮೊದಲು ದಾರವನ್ನು ಹೊರಕ್ಕೆ ಎಳೆದಿಡಬೇಕು. ಇಲ್ಲದಿದ್ದರೆ ಬಿಗಿಯುತ್ತಿರುವ ತಂತಿ ಅದನ್ನು ಕುದುರೆಗೆ ಒತ್ತಿ ಕತ್ತರಿಸಿಬಿಡುತ್ತದೆ.